ಸ್ಟೇರಿಂಗ್ ಲಾಕ್, ತಿರುಗದ ಚಾವಿ: ಪಕ್ಕಡ ಹುಡುಕುವ ಮೊದಲು

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಗಾಡಿ ನಿಲ್ಲಿಸುವುದೆಂದರೆ ಗಾಲಿಯನ್ನು ಓರೆಯಾಗಿ ಫುಟ್‌ಪಾತ್ ಕಲ್ಲಿಗೆ ಒತ್ತಿ ನಿಲ್ಲಿಸುವುದು ಎಂದೇ ಅರ್ಥ. ಸಂತೆ ಮುಗಿಸಿ ಬಂದು ಕೂತರೆ ಸ್ಟೇರಿಂಗ್ ಅಲುಗುವುದಿಲ್ಲ, 'ಚಾವಿ ತಿರುಗವಲ್ದು' ಎಂದು ಮಿಸ್ತ್ರಿಗೆ ಫೋನ್ ಹೋಗುತ್ತದೆ. ಬಹಳಷ್ಟು ಸಲ ಗಾಡಿಯಲ್ಲಿ ಏನೂ ಕೆಟ್ಟಿರುವುದಿಲ್ಲ. ಕೆಡುವುದು ಆಮೇಲೆ, ನಾವು ಜೋರು ಮಾಡಿದಾಗ.

ಚಾವಿ ತೆಗೆದ ಮೇಲೆ ಸ್ಟೇರಿಂಗ್ ಕೊಂಚ ತಿರುಗಿದರೆ ಸಾಕು, ಸ್ಪ್ರಿಂಗ್ ದೂಡುವ ಉಕ್ಕಿನ ಗೂಟವೊಂದು ಸ್ಟೇರಿಂಗ್ ಶಾಫ್ಟಿನ ಕಚ್ಚಿನೊಳಗೆ ಕೂರುತ್ತದೆ. ಗೂಟವನ್ನು ಹಿಂದೆಳೆಯುವುದು ಚಾವಿಯ ತಿರುಗುವಿಕೆಯೇ. ಆದರೆ ಕಲ್ಲಿಗೆ ಒತ್ತಿದ ಟೈರು ತನ್ನ ಜಾಗಕ್ಕೆ ಮರಳಲು ತಿಣುಕುತ್ತಿರುತ್ತದೆ, ಆ ಒತ್ತಡವೆಲ್ಲ ಗೂಟದ ಪಕ್ಕೆಗೆ ಬೀಳುತ್ತದೆ. ಹೊರಗಿನಿಂದ ಬಾಗಿಲು ದೂಡುತ್ತಿದ್ದರೆ ಒಳಗಿನ ಚಿಲಕ ಸರಿಯುವುದಿಲ್ಲವಲ್ಲ, ಹಾಗೆ. ಬಾಗಿಲು ಸಡಿಲ ಬಿಡಬೇಕು, ಚಿಲಕ ಮುರಿಯಬಾರದು.

ಹ್ಯಾಂಡ್‌ಬ್ರೇಕ್ ಎಳೆದಿದೆಯೇ ನೋಡಿಕೊಳ್ಳಿ. ಎಡಗೈಯಿಂದ ಸ್ಟೇರಿಂಗ್ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಒತ್ತಿ. ಒಂದು ಕಡೆ ಕಲ್ಲಿಗೆ ಬಡಿದಂತೆ ನಿಲ್ಲುತ್ತದೆ, ಇನ್ನೊಂದು ಕಡೆ ಕೂದಲೆಳೆಯಷ್ಟಾದರೂ ಬಗ್ಗುತ್ತದೆ. ಬಗ್ಗುವ ಕಡೆಗೇ ಒತ್ತಿ ಹಿಡಿದು, ಬಲಗೈಯ ಹೆಬ್ಬೆರಳು-ತೋರುಬೆರಳಿನಲ್ಲಿ ಮಾತ್ರ ಚಾವಿ ತಿರುಗಿಸಿ. 'ಟಕ್' ಎಂದು ಗೂಟ ಬಿಡುವುದು ಅಂಗೈಗೇ ತಿಳಿಯುತ್ತದೆ. ಎರಡೂ ಕಡೆ ಒಂದೇ ಬಿಗಿ ಇದ್ದರೆ ಚಾವಿಗೆ ಹಗುರ ಒತ್ತಡ ಕೊಟ್ಟುಕೊಂಡೇ ಸ್ಟೇರಿಂಗನ್ನು ಅತ್ತಿತ್ತ ತೂಗಿ. ಆಗಲೂ ಬಿಡದಿದ್ದರೆ, ಸಮತಟ್ಟು ಜಾಗವಾದರೆ ಮಾತ್ರ, ಮ್ಯಾನುವಲ್ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಇನ್ನೊಬ್ಬರ ಕೈಯಿಂದ ನಾಲ್ಕು ಬೆರಳು ಹಿಂದೆ ಸರಿಸಿ. ನಿಮ್ಮ ಕಾಲು ಬ್ರೇಕ್ ಮೇಲೆಯೇ ಇರಲಿ. ಪಕ್ಕಡ ಹಚ್ಚಿದರೆ ಚಾವಿ ಕೀಲಿಯೊಳಗೆ ಮುರಿಯುತ್ತದೆ, ಆಮೇಲೆ ಕೆಲಸ ದೊಡ್ಡದು.

ಸ್ಟೇರಿಂಗ್ ಮೇಲೆ ಯಾವ ಒತ್ತಡವೂ ಇಲ್ಲ, ಆದರೂ ಚಾವಿ ತಿರುಗುವುದಿಲ್ಲ ಎಂದರೆ ದೋಷ ಚಾವಿಯದು ಅಥವಾ ಕೀಲಿಯದು. ಕೀಲಿಯೊಳಗೆ ತೆಳು ಲೋಹದ ಬಿಲ್ಲೆಗಳ ಸಾಲು ಇರುತ್ತದೆ. ಚಾವಿಯ ಹಲ್ಲು ಸರಿಯಿದ್ದರೆ ಅವೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ. ಒಂದು ಬಿಲ್ಲೆ ಧೂಳಿಗೆ ಅಂಟಿದರೂ ಸಾಕು, ಕೀಲಿ ಹೊರಳುವುದಿಲ್ಲ. ಸೇಡಂ, ವಾಡಿ, ಶಹಾಬಾದ್ ಕಡೆಯ ಸಿಮೆಂಟ್-ಸುಣ್ಣಗಲ್ಲಿನ ಧೂಳು ಹಿಟ್ಟಿನಷ್ಟು ನಯ. ಅದರ ಮೇಲೆ ಕೊಬ್ಬರಿ ಎಣ್ಣೆ ಬಿಟ್ಟರೆ ಎರಡು ದಿನ ಹಾಯೆನಿಸುತ್ತದೆ, ಆಮೇಲೆ ಎಣ್ಣೆ-ಧೂಳು ಕಲೆತು ಕೆಸರು. ಅಲ್ಲಿಗೆ ಬೇಕಾದದ್ದು ಒಣ ಗ್ರಾಫೈಟ್ ಪುಡಿ. ಒಂದು ಚಿಟಿಕೆ ಊದಿ, ಚಾವಿಯನ್ನು ಹತ್ತಿಪ್ಪತ್ತು ಸಲ ಒಳಗೆ-ಹೊರಗೆ ಮಾಡಿ.

ಮನೆಯಲ್ಲಿಟ್ಟ ಎರಡನೇ ಚಾವಿ ಹಾಕಿ ನೋಡುವುದನ್ನು ಮಾತ್ರ ಮರೆಯಬೇಡಿ. ಅದು ಸಲೀಸಾಗಿ ತಿರುಗಿದರೆ ಕೀಲಿ ಚೆನ್ನಾಗಿದೆ, ದಿನದ ಚಾವಿ ಸವೆದಿದೆ. ಹೊಸದನ್ನು ಆ ಎರಡನೆಯದರಿಂದಲೇ ಮಾಡಿಸಿ. ಸವೆದದ್ದರಿಂದ ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಇಮ್ಮೊಬಿಲೈಸರ್ (ತನ್ನ ಚಾವಿಯನ್ನು ಗುರುತಿಸಿದರೆ ಮಾತ್ರ ಎಂಜಿನ್ ಹತ್ತಲು ಬಿಡುವ ಸಾಧನ) ಇರುವ ಗಾಡಿಗೆ ಬರೀ ಹಲ್ಲು ಕೊರೆದರೆ ಸಾಲದು, ಚಾವಿಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಅನ್ನೂ ಗಾಡಿಗೆ ಪರಿಚಯ ಮಾಡಿಸಬೇಕು. ಇಲ್ಲದಿದ್ದರೆ ಚಾವಿ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ.

ಚಾವಿ ಹೊರಗೆ ಬರುತ್ತಿಲ್ಲ ಎಂಬುದು ಬೇರೆಯೇ ತಕರಾರು. ಆಟೊಮ್ಯಾಟಿಕ್ ಗಾಡಿಯಾದರೆ ಗೇರ್ 'ಪಿ'ಯಲ್ಲಿ (ಪಾರ್ಕ್) ಪೂರ್ತಿ ಕೂತಿರುವುದಿಲ್ಲ. ಬ್ರೇಕ್ ತುಳಿದು 'ಎನ್'ಗೆ (ನ್ಯೂಟ್ರಲ್) ತಂದು, ಮತ್ತೆ 'ಪಿ'ಗೆ ಗಟ್ಟಿಯಾಗಿ ಹಾಕಿ. ಬ್ಯಾಟರಿ ಬಿದ್ದುಹೋಗಿದ್ದರೂ ಕೆಲವು ಗಾಡಿಗಳು ಚಾವಿ ಬಿಡುವುದಿಲ್ಲ. ಮ್ಯಾನುವಲ್ ಗಾಡಿಗಳಲ್ಲಿ ಹಲವಕ್ಕೆ ಎಸಿಸಿಯಿಂದ (ಎಂಜಿನ್ ಇಲ್ಲದೆ ರೇಡಿಯೊದಂಥವು ಮಾತ್ರ ನಡೆಯುವ ಸ್ಥಾನ) ಲಾಕ್‌ಗೆ ಬರಲು ಚಾವಿಯನ್ನು ಒಳಕ್ಕೆ ಒತ್ತಿ ತಿರುಗಿಸಬೇಕು. ಸೆಕೆಂಡ್‌ಹ್ಯಾಂಡ್ ಕೊಂಡವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಬಟನ್ ಸ್ಟಾರ್ಟ್ ಗಾಡಿಗಳಲ್ಲಿ ಸ್ಟೇರಿಂಗ್ ಗೂಟವನ್ನು ಮೋಟರ್ ಎಳೆಯುವುದಿದ್ದರೆ ಅದಕ್ಕೂ ಕರೆಂಟ್ ಬೇಕು. ನಮ್ಮ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲು ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಬ್ಯಾಟರಿ ಬಿದ್ದಿದ್ದರೆ ಬೇರೆ ಗಾಡಿಯ ಬ್ಯಾಟರಿಯಿಂದ ಜಂಪ್ ಕೊಟ್ಟು, ಸ್ಟೇರಿಂಗ್ ತೂಗುತ್ತ ಬಟನ್ ಒತ್ತಿ. ರಿಮೋಟಿನ 3 ವೋಲ್ಟ್ ಸೆಲ್ ಸತ್ತಿದ್ದರೆ, ಬಹಳ ಗಾಡಿಗಳಲ್ಲಿ ರಿಮೋಟನ್ನು ಬಟನ್‌ಗೇ ತಾಗಿಸಿ ಹಿಡಿದರೆ ಗುರುತಿಸುತ್ತದೆ.

ಹುಮನಾಬಾದ್ ರಸ್ತೆಯಲ್ಲಿ ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತರುವಾಗ ಚಾವಿ ಕೀಲಿಯಲ್ಲೇ ಇರಲಿ, ಲಾಕ್ ಬಿಟ್ಟು ಮುಂದಿನ ಸ್ಥಾನದಲ್ಲಿರಲಿ. ಇಳಿಜಾರಿನಲ್ಲಿ ಎಣ್ಣೆ ಉಳಿಸಲು ಎಂಜಿನ್ ಬಂದ್ ಮಾಡುವವರಿಗೆ ಕೈ ಮುಗಿದು ಹೇಳಬೇಕು: ಪವರ್ ಸ್ಟೇರಿಂಗ್ ಹೋಗುತ್ತದೆ, ಬ್ರೇಕ್ ಪೆಡಲ್ ಬಿಗಿಯಾಗುತ್ತದೆ, ಚಾವಿ ಹೊರಬಂದರೆ ತಿರುವಿನಲ್ಲೇ ಗೂಟ ಬೀಳುತ್ತದೆ. ಮನೆ, ಅಂಗಡಿ, ಕಪಾಟಿನ ಚಾವಿಗಳ ಗೊಂಚಲನ್ನೂ ಗಾಡಿಯ ಚಾವಿಗೆ ತೂಗುಬಿಡಬೇಡಿ. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಕಾರು ವಾಪಸ್ ಕರೆದದ್ದು ಚಾವಿ ತಿರುಗಿಸುವ ಸ್ವಿಚ್ಚಿನ ದೋಷಕ್ಕಾಗಿ. ಗೊಂಚಲಿನ ಭಾರಕ್ಕೋ ಕುಲುಕಾಟಕ್ಕೋ ಚಾವಿ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ.

ಚಾವಿ ಆಗೊಮ್ಮೆ ಈಗೊಮ್ಮೆ ತಡೆಯಲು ಶುರುವಾದರೆ ಅದು ಇನ್ನೂ ತಿರುಗುವಾಗಲೇ ತೋರಿಸಿ. ಬಹಳಷ್ಟು ಗಾಡಿಗಳಲ್ಲಿ ಚಾವಿಯನ್ನು ಎಸಿಸಿಗೆ ತಿರುಗಿಸಿ ಒಂದು ಸಣ್ಣ ಪಿನ್ ಒತ್ತಿದರೆ ಕೀಲಿ ಹಾಗೇ ಕೈಗೆ ಬರುತ್ತದೆ. ಪೂರ್ತಿ ಜಾಮ್ ಆದ ಮೇಲೆ ಅದನ್ನು ಡ್ರಿಲ್ ಹಾಕಿಯೇ ತೆಗೆಯಬೇಕಾಗುತ್ತದೆ.