ಹೆಲಿಕಾಪ್ಟರ್ ಇಲ್ಲದಿದ್ದರೂ ಹೆಲಿಕಾಪ್ಟರ್ ದಾಳಿ

ದೊಡ್ಡ ಬಜೆಟ್ಟಿನ ಆ್ಯಕ್ಷನ್ ಸಿನಿಮಾ ನೋಡುವಾಗ ಈಚೆಗೆ ನನಗೆ ನಿದ್ದೆ ಬರುತ್ತದೆ. ತಮಾಷೆಗೆ ಹೇಳುತ್ತಿಲ್ಲ. ತೆರೆಯ ಮೇಲೆ ಇಡೀ ಊರು ಪುಡಿಪುಡಿಯಾಗುತ್ತಿರುತ್ತದೆ, ನಾನು ಮಾತ್ರ ಆಕಳಿಸುತ್ತಾ ಕೂತಿರುತ್ತೇನೆ, ಯಾಕಂದ್ರೆ ಅದೆಲ್ಲ ನೂರಾರು ಜನ ಕಂಪ್ಯೂಟರ್ ಮುಂದೆ ಕೂತು ಮಾಡಿದ್ದು, ದುಡ್ಡು ಸುರಿದರೆ ಆಗೇ ಆಗುತ್ತದೆ ಅಂತ ಗೊತ್ತು. ಅದೇ ಜೇಬಲ್ಲಿ ಕಾಸಿಲ್ಲದವನೊಬ್ಬ ಹೆಲಿಕಾಪ್ಟರ್ ದಾಳಿ ತೋರಿಸ್ತೀನಿ ಅಂತ ಹೊರಟರೆ ಎದ್ದು ಕೂರುತ್ತೇನೆ. ಹೇಗೆ ತೋರಿಸ್ತಾನೆ ಇವನು? ಅರ್ಧ ಮಜಾ ಆ ಕುತೂಹಲದಲ್ಲೇ ಇದೆ.

ಉಗಾಂಡಾದ ‘ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?’ ನೋಡಿದ್ದೀರಾ? 2010ರ ಸಿನಿಮಾ. ಕಂಪಾಲಾದ ವಾಕಲಿಗ ಅನ್ನುವ ಕೊಳೆಗೇರಿಯಲ್ಲಿ ತಯಾರಾದದ್ದು. ಖರ್ಚು 200 ಡಾಲರ್ ಅಂತ ಪ್ರಚಾರ, ಅಷ್ಟೂ ಆಗಿಲ್ಲ ಅನ್ನುವವರೂ ಇದ್ದಾರೆ. ಎಷ್ಟಾದರೂ ಇರಲಿ ಬಿಡಿ, ನಮ್ಮಲ್ಲಿ ಮದುವೆ ವಿಡಿಯೋಗೆ ಇದಕ್ಕಿಂತ ಜಾಸ್ತಿ ಕೊಡ್ತೀವಿ. ನಿರ್ದೇಶಕರು ಐಸಾಕ್ ನಬ್ವಾನಾ, ಇಟ್ಟಿಗೆ ಕೊಯ್ದು ಬದುಕುತ್ತಿದ್ದವರು. ಚಿಕ್ಕಂದಿನಲ್ಲಿ ಇವರಿಗೆ ಥಿಯೇಟರಿಗೆ ಹೋಗುವ ಭಾಗ್ಯ ಇರಲಿಲ್ಲ. ಅಣ್ಣ ನೋಡಿಕೊಂಡು ಬಂದು ಯಾರು ಯಾರಿಗೆ ಹೇಗೆ ಒದ್ದರು ಅಂತ ವರ್ಣಿಸುತ್ತಿದ್ದ, ಇವರು ಕೇಳಿಕೊಂಡೇ ತಲೆಯೊಳಗೆ ಸಿನಿಮಾ ಓಡಿಸಿಕೊಳ್ಳುತ್ತಿದ್ದರು. ಇದು ಗೊತ್ತಾದ ಮೇಲೆ ಆ ಸಿನಿಮಾದ ಗತಿ ನನಗೆ ಚೆನ್ನಾಗಿ ಅರ್ಥವಾಯಿತು. ಹುಡುಗನೊಬ್ಬ ಉಸಿರು ಬಿಡದೆ ಕಥೆ ಹೇಳುವ ಹಾಗೇ ಅದು ಓಡುತ್ತದೆ. ಮೊದಲು ಫೈಟು, ಕಾರಣ ಆಮೇಲೆ, ಕಾರಣ ಸಿಗದಿದ್ದರೆ ಇನ್ನೊಂದು ಫೈಟು.

ಕಥೆ ಅಂದರೆ ಇಷ್ಟೆ. ಟೈಗರ್ ಮಾಫಿಯಾವನ್ನು ಮಟ್ಟ ಹಾಕಲು ಸೇನೆಯ ಕ್ಯಾಪ್ಟನ್ ಅಲೆಕ್ಸ್ ಬರುತ್ತಾನೆ. ಮಾಫಿಯಾ ದೊರೆಯ ತಮ್ಮ ಸಿಕ್ಕಿಬೀಳುತ್ತಾನೆ. ಆಮೇಲೆ ಅಲೆಕ್ಸ್ ಕೊಲೆಯಾಗುತ್ತಾನೆ. ಅಲೆಕ್ಸನ ಸೋದರ, ಹೆಸರು ಬ್ರೂಸ್ ಯು, ಕುಂಗ್ ಫು ಪಂಡಿತ, ಸೇಡು ತೀರಿಸಲು ಹೊರಡುತ್ತಾನೆ. ಅಲೆಕ್ಸನನ್ನು ಕೊಂದವರು ಯಾರು? ಸಿನಿಮಾ ಮುಗಿದರೂ ಗೊತ್ತಾಗುವುದಿಲ್ಲ. ಹೆಸರಲ್ಲೇ ಪ್ರಶ್ನೆ ಇಟ್ಟು ಉತ್ತರ ಕೊಡದೆ ಎದ್ದುಹೋಗುವ ಧೈರ್ಯ ಎಷ್ಟು ಜನ ನಿರ್ದೇಶಕರಿಗಿದೆ ಹೇಳಿ!

ಇನ್ನು ಆ ಮಷಿನ್ ಗನ್ನುಗಳು. ಅವು ಗುಜರಿಯ ಕಬ್ಬಿಣ, ಕೊಳವೆ, ಏನೇನು ಸಿಕ್ಕಿತೋ ಅದನ್ನೆಲ್ಲ ಬೆಸುಗೆ ಹಾಕಿ ಮಾಡಿದವು. ತಂಡದಲ್ಲೇ ಅದಕ್ಕೊಬ್ಬ ಮೇಸ್ತ್ರಿ ಇದ್ದ. ಎಡಿಟಿಂಗ್ ಮಾಡುವ ಕಂಪ್ಯೂಟರನ್ನೂ ಹಳೆಯ ಬಿಡಿಭಾಗ ಸೇರಿಸಿ ನಬ್ವಾನಾ ಅವರೇ ಕಟ್ಟಿಕೊಂಡಿದ್ದು. ರಕ್ತಕ್ಕೆ ಕಾಂಡೋಮಿನಲ್ಲಿ ಬಣ್ಣದ ನೀರು ತುಂಬಿ ಅಂಗಿಯೊಳಗೆ ಕಟ್ಟುವುದು, ಸಮಯ ನೋಡಿ ಒಡೆಯುವುದು. ಹೆಲಿಕಾಪ್ಟರ್ ಬಂತು ನೋಡಿ, ಕಂಪಾಲಾದ ಮೇಲೆ ಆಟದ ಸಾಮಾನಿನಂಥ ಒಂದು ತೇಲಿ ಬರುತ್ತದೆ, ಅದರ ನೆರಳೂ ಇಲ್ಲ, ಗಾಳಿಯೂ ಇಲ್ಲ, ಕೆಳಗಿನ ಮರದ ಒಂದೆಲೆಯೂ ಅಲುಗುವುದಿಲ್ಲ. ಕಟ್ಟಡದ ಮೇಲೆ ಬೆಂಕಿ ಅಂಟಿಸಿದ್ದು ಕಣ್ಣಿಗೆ ರಾಚುತ್ತದೆ. ಆದರೂ ಕೂತವರೆಲ್ಲ ಕೂಗುತ್ತಾರೆ. ನಾನೂ ಕೂಗಿದ್ದೇನೆ. ಇದನ್ನು ಅಂಟಿಸಿದ ಮನುಷ್ಯನಿಗೆ ಎಷ್ಟು ಆಸೆ ಇತ್ತು ಅನ್ನುವುದು ಅಲ್ಲಿ ಎದ್ದು ಕಾಣುತ್ತದೆ, ಅಲ್ವಾ.

ಇಷ್ಟೇ ಆಗಿದ್ದರೆ ಒಂದು ಸಲ ನೋಡಿ ಮರೆಯಬಹುದಿತ್ತು. ಮರೆಯಲು ಬಿಡದವನು ವಿಜೆ ಎಮ್ಮಿ. ಉಗಾಂಡಾದ ವಿಡಿಯೋ ಹಾಲ್‌ಗಳಲ್ಲಿ ಹೊರದೇಶದ ಸಿನಿಮಾ ಹಾಕಿದಾಗ ಮೈಕ್ ಹಿಡಿದು ಸ್ಥಳೀಯ ಭಾಷೆಯಲ್ಲಿ ಕಥೆ ಹೇಳುವವರು ಇರುತ್ತಾರೆ. ಅವರಿಗೆ ವಿಜೆ, ಅಂದರೆ ವಿಡಿಯೋ ಜೋಕರ್ ಅಂತ ಹೆಸರು. ಬರೀ ಅನುವಾದ ಅಲ್ಲ, ನಡುನಡುವೆ ಕಾಲೆಳೆಯುವುದು, ಹುರಿದುಂಬಿಸುವುದು, ಮುಂದೆ ಬರುವ ಫೈಟಿಗೆ ಬಿಲ್ಡಪ್ ಕೊಡುವುದು, ಎಲ್ಲ ಅವರದೇ. ಯಕ್ಷಗಾನದಲ್ಲಿ ಭಾಗವತರು ಇಲ್ಲದೆ ವೇಷ ಕುಣಿಯುವುದಿಲ್ಲವಲ್ಲ, ಹೆಚ್ಚುಕಡಿಮೆ ಹಾಗೆ. ಈ ಸಿನಿಮಾ ಓಡುವಾಗ ಎಮ್ಮಿ ಇಂಗ್ಲಿಷಿನಲ್ಲೇ ಹೇಳುತ್ತಾನೆ. ಯಾರೋ ಸುಮ್ನೆ ನಡೆದುಕೊಂಡು ಹೋಗುತ್ತಿದ್ದರೂ ‘ಕಮಾಂಡೋ!’ ಅಂತ ಕಿರುಚುತ್ತಾನೆ. ನಾವು ನಗಬೇಕು ಅಂದುಕೊಳ್ಳುವಷ್ಟರಲ್ಲಿ ಅವನೇ ನಕ್ಕು ಮುಗಿಸಿರುತ್ತಾನೆ, ಹಾಗಾಗಿ ಪಾಪ ಅವರನ್ನು ಅಣಕಿಸುತ್ತಿದ್ದೇವಲ್ಲಾ ಅನ್ನುವ ಅಳುಕು ಉಳಿಯುವುದೇ ಇಲ್ಲ.

ಕನ್ನಡಕ್ಕೆ ಡಬ್ಬಿಂಗ್ ಇಲ್ಲದ ಕಾಲದಲ್ಲಿ ಇಂಗ್ಲಿಷ್ ಫೈಟಿಂಗ್ ಪಿಕ್ಚರ್ ನೋಡಲು ಹೋದವರಿಗೆ ಈ ಸುಖ ಗೊತ್ತು. ಬೆಂಚಿನ ಆ ತುದಿಯಲ್ಲಿ ಎಲ್ಲ ಬಲ್ಲವನಂತೆ ಒಬ್ಬ ಕಥೆ ಹೇಳುತ್ತಿದ್ದ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅವನು ಹೇಳಿದ ಕಥೆ ಎಷ್ಟೋ ಸಲ ಸಿನಿಮಾಕ್ಕಿಂತ ಚೆನ್ನಾಗಿರುತ್ತಿತ್ತು.

ಅಂದಹಾಗೆ, ವಿಜೆ ಇಲ್ಲದ ‘ಕ್ಯಾಪ್ಟನ್ ಅಲೆಕ್ಸ್’ ಈಗ ಸಿಗುವುದಿಲ್ಲ. ಮುಂದಿನ ಸಿನಿಮಾಗೆ ಹಾರ್ಡ್ ಡಿಸ್ಕಿನಲ್ಲಿ ಜಾಗ ಬೇಕಿತ್ತು ಅಂತ ನಬ್ವಾನಾ ಮೂಲವನ್ನೇ ಅಳಿಸಿಬಿಟ್ಟರು! ಉಳಿದಿದ್ದು ಡಿವಿಡಿ ಪ್ರತಿ ಮಾತ್ರ. ಅಕ್ಕಪಕ್ಕದ ಜನ ನೋಡಿದರೆ ಸಾಕು ಅಂತ ಮಾಡಿದ್ದು, ನಟರೇ ಮನೆಮನೆಗೆ ಹೋಗಿ ಡಿವಿಡಿ ಮಾರುತ್ತಿದ್ದರು, ಪೈರಸಿ ಶುರುವಾಗುವ ಮುಂಚೆ ಎಷ್ಟು ಮಾರಿದರೆ ಅಷ್ಟು ಲಾಭ. ಜಗತ್ತೆಲ್ಲ ನೋಡುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಬಡತನ ಎಲ್ಲ ಸಲವೂ ಬರೀ ನಗಿಸುವುದಿಲ್ಲ, ಕೆಲವು ಸಲ ಹೊಸ ಶೈಲಿಯನ್ನೇ ಹುಟ್ಟಿಸುತ್ತದೆ. 1992ರ ‘ಎಲ್ ಮರಿಯಾಚಿ’ ನೋಡಿ. ರಾಬರ್ಟ್ ರೋಡ್ರಿಗಸ್ ಸುಮಾರು 7000 ಡಾಲರಿನಲ್ಲಿ ಮೆಕ್ಸಿಕೋದ ಗಡಿ ಊರೊಂದರಲ್ಲಿ ತೆಗೆದದ್ದು. ಆ ದುಡ್ಡಿನಲ್ಲಿ ಒಂದು ಪಾಲು ಹೊಸ ಔಷಧಿಗಳ ಪ್ರಯೋಗಕ್ಕೆ ತನ್ನ ಮೈಯನ್ನೇ ಕೊಟ್ಟು ಸಂಪಾದಿಸಿದ್ದು, ವಿಲನ್ ಪಾತ್ರ ಮಾಡಿದವನೂ ಅಲ್ಲೇ ಪರಿಚಯವಾದವನು. ಕ್ಯಾಮೆರಾ ಓಡಿಸುವ ಟ್ರಾಲಿ ಬದಲು ಗಾಲಿಕುರ್ಚಿ. ಬಂದೂಕುಗಳು ಒಂದು ಗುಂಡು ಹಾರಿಸಿ ನಿಂತುಬಿಡುತ್ತಿದ್ದವು, ಹಾಗಾಗಿ ಒಂದೊಂದೇ ಗುಂಡನ್ನು ಬೇರೆ ಬೇರೆ ಕಡೆಯಿಂದ ಶೂಟ್ ಮಾಡಿ ಜೋಡಿಸಿ, ಮೇಲೆ ಸದ್ದು ಸೇರಿಸಿದರು. ಶಾಟ್ ತೆಗೆದ ಮೇಲೆ ಮಾತನ್ನು ಟೇಪಿನಲ್ಲಿ ಬೇರೆಯಾಗಿ ಹಿಡಿಯುತ್ತಿದ್ದರು. ತುಟಿಗೂ ಮಾತಿಗೂ ತಾಳ ತಪ್ಪಿತೋ, ತಕ್ಷಣ ಕಟ್ ಮಾಡಿ ನಾಯಿಯನ್ನು ತೋರಿಸುವುದು. ನೋಡುವವರಿಗೆ ಆಹಾ, ಎಂಥಾ ವೇಗದ ಎಡಿಟಿಂಗ್ ಅನಿಸಿತು. ಇದು ಗೊತ್ತಿದ್ದು ಆ ಸಿನಿಮಾ ಇನ್ನೊಮ್ಮೆ ನೋಡಿ, ನಾಯಿ ಬಂದಾಗಲೆಲ್ಲ ನಗು ತಡೆಯಲಾಗುವುದಿಲ್ಲ.

ನಮ್ಮ ಗೂಢಚಾರ ಸಿಐಡಿ 999ನ ಸಿನಿಮಾಗಳೂ ನನಗೆ ಇದೇ ಕಾರಣಕ್ಕೆ ಇಷ್ಟ. 1968ರಲ್ಲಿ ದೊರೈ–ಭಗವಾನ್ ‘ಜೇಡರ ಬಲೆ’ ಮಾಡಿದಾಗ ಬಾಂಡ್ ಸಿನಿಮಾದ ದುಡ್ಡಿನ ಒಂದು ಚೂರೂ ಅವರ ಕೈಯಲ್ಲಿ ಇದ್ದಿರಲಾರದು. ಇದ್ದದ್ದು ಕಪ್ಪು-ಬಿಳುಪು ರೀಲು ಮತ್ತು ರಾಜಕುಮಾರ್. ಪುರಾಣದ ಪಾತ್ರಗಳಲ್ಲಿ ನೋಡಿದ್ದ ಅಣ್ಣಾವ್ರು ಸೂಟು ಹಾಕಿಕೊಂಡು ಪಿಸ್ತೂಲ್ ಹಿಡಿದರೆ ಬೇರೆ ಸ್ಪೆಷಲ್ ಎಫೆಕ್ಟ್ ಯಾಕೆ? (ಕೆಲವರು ಹುಚ್ಚು ಹಿಡಿದು ಮತ್ತೆ ಮತ್ತೆ ನೋಡುವ ಕಲ್ಟ್ ಸಿನಿಮಾ ಅಂದರೆ ಬರೀ ಹೊರದೇಶದ್ದು ಅಂದುಕೊಂಡವರಿಗೆ ನಾನು ಮೊದಲು ಇದನ್ನೇ ಹಾಕಿ ತೋರಿಸುತ್ತೇನೆ.)

ನನಗೆ ಆಗದೇ ಇರುವುದು ಬೇಕಂತಲೇ ಕೆಟ್ಟದಾಗಿ ಮಾಡಿದ ಸಿನಿಮಾಗಳು. ನೋಡಿ ನಾವೆಷ್ಟು ಕಳಪೆ, ನಗಿ ನಗಿ ಅಂತ ಕಣ್ಣು ಹೊಡೆಯುತ್ತವಲ್ಲ, ಅವು. ಹತ್ತು ನಿಮಿಷಕ್ಕೆ ಸಾಕಾಗುತ್ತದೆ. ‘ಮಯಾಮಿ ಕನೆಕ್ಷನ್’ ಹಾಗಲ್ಲ. 1987ರಲ್ಲಿ ಟೇಕ್ವಾಂಡೋ ಗುರು ವೈ. ಕೆ. ಕಿಮ್ ಫ್ಲಾರಿಡಾದಲ್ಲಿ ಮಾಡಿದ್ದು. ರಾಕ್ ಬ್ಯಾಂಡ್ ಕಟ್ಟಿಕೊಂಡಿರುವ ಅನಾಥ ಹುಡುಗರು ಬೈಕ್ ಮೇಲೆ ಬರುವ ನಿಂಜಾಗಳ ಜೊತೆ ಹೊಡೆದಾಡುತ್ತಾರೆ. ಹೌದು, ಬೈಕ್ ನಿಂಜಾಗಳು. ಅದರಲ್ಲಿ ಒಬ್ಬನಿಗೆ ಕಳೆದುಹೋದ ಅಪ್ಪ ಎಲ್ಲಿದ್ದಾನೆ ಅಂತ ಗೊತ್ತಾಗುವ ದೃಶ್ಯವಿದೆ, ಅಷ್ಟು ಕೆಟ್ಟ ನಟನೆ ಮತ್ತು ಅಷ್ಟು ಪ್ರಾಮಾಣಿಕ ಅಳು ಒಟ್ಟಿಗೆ ನಾನು ಬೇರೆಲ್ಲೂ ನೋಡಿಲ್ಲ. ಆಗ ಅದು ನೆಲಕಚ್ಚಿತು. 2009ರಲ್ಲಿ ಅಮೆರಿಕದ ಒಂದು ಥಿಯೇಟರಿನವರು ಇದರ ಪ್ರಿಂಟನ್ನು ಕಣ್ಣುಮುಚ್ಚಿ 50 ಡಾಲರಿಗೆ ಆನ್‌ಲೈನಲ್ಲಿ ಕೊಂಡು ಹಾಕಿದರು, ಜನ ಹುಚ್ಚೆದ್ದು ನೋಡಿದರು. 2012ರಲ್ಲಿ ಮತ್ತೆ ಬಿಡುಗಡೆಯೇ ಆಯಿತು.

ಇಂಥವನ್ನು ಒಬ್ಬರೇ ಕೂತು ನೋಡಬೇಡಿ. ನಾಲ್ಕು ಜನ ಬೇಕು, ಕರಿದದ್ದು ಏನಾದರೂ ಬೇಕು, ಮಧ್ಯೆ ಲಾಜಿಕ್ ಕೇಳುವವನು ಬೇಡ. ‘ಕ್ಯಾಪ್ಟನ್ ಅಲೆಕ್ಸ್’ ನಬ್ವಾನಾ ತಂಡದ್ದೇ ಚಾನೆಲ್ಲಿನಲ್ಲಿ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ. ಅದು ಹಿಡಿಸಿದರೆ ಅದೇ ತಂಡದ 2016ರ ‘ಬ್ಯಾಡ್ ಬ್ಲ್ಯಾಕ್’ ನೋಡಿ. ಸಿನಿಮಾ ಹುಚ್ಚಿಗೆ ನ್ಯೂಯಾರ್ಕ್ ಬಿಟ್ಟು ವಾಕಲಿಗಕ್ಕೆ ಬಂದು ನೆಲೆಸಿದ ಆ್ಯಲನ್ ಹಾಫ್‌ಮನಿಸ್ ಅನ್ನುವವರು ಅದರಲ್ಲಿ ಡಾಕ್ಟರ್ ಪಾತ್ರ ಮಾಡಿದ್ದಾರೆ. ಈ ಡಾಕ್ಟರಿಗೆ ಕಮಾಂಡೋ ಟ್ರೇನಿಂಗ್ ಕೊಡುವುದು ಕೇರಿಯ ಒಬ್ಬ ಪುಟ್ಟ ಹುಡುಗ. ಅವನ ಹೆಸರು, ಹಾಲಿವುಡ್ಡಿನ ಆ್ಯಕ್ಷನ್ ಹೀರೋನದೇ, ವೆಸ್ಲಿ ಸ್ನೈಪ್ಸ್.