ಕೆಟ್ಟ ವರ್ಷವನ್ನು ಲೆಕ್ಕಕ್ಕಿಟ್ಟು ಕಾಡು ಬೆಳೆಸುವುದು

ನಾನು ಕೆಲಸ ಮಾಡುವುದು ತುಮಕೂರು ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ. ಹಾಳಾದ ಕುರುಚಲು ಕಾಡು, ಊರ ಗೋಮಾಳ, ಮಣ್ಣು ತೆಗೆದು ಬಿಟ್ಟುಹೋದ ಇಳಿಜಾರು. ಇಂಥ ಜಾಗದಲ್ಲಿ ಅಲ್ಲಿನದೇ ಗಿಡಮರ, ಹುಲ್ಲು ಮತ್ತೆ ಬರುವ ಹಾಗೆ ಮಾಡುವ ಸಣ್ಣ ಸಂಸ್ಥೆ ನಮ್ಮದು. ಈಚೆಗೆ ದುಡ್ಡು ಕೊಡುವವರ ಅರ್ಜಿಯಲ್ಲೆಲ್ಲ ಒಂದು ಹೊಸ ಪ್ರಶ್ನೆ ಇರುತ್ತದೆ: ಹವಾಮಾನ ಬದಲಾವಣೆಯನ್ನು ತಡೆದುಕೊಳ್ಳಲು ನಿಮ್ಮ ಯೋಜನೆಯಲ್ಲಿ ಏನಿದೆ? ಬಹಳ ಜನ ಅಲ್ಲಿ ಡ್ರಿಪ್ ಪೈಪು, ಟ್ಯಾಂಕರು, ಸಿಂಟೆಕ್ಸ್ ಟ್ಯಾಂಕು ಎಂದು ಬರೆದು ಮುಂದೆ ಹೋಗುತ್ತಾರೆ. ನನ್ನ ಅನುಭವದಲ್ಲಿ ಆ ಪ್ರಶ್ನೆಯ ಮುಕ್ಕಾಲು ಪಾಲು ಗುಂಡಿ ತೋಡುವ ಮೊದಲೇ ತೀರ್ಮಾನವಾಗಿರುತ್ತದೆ. ಬೀಜ ಎಲ್ಲಿಯದು, ಬೇರು ಎಷ್ಟು ಆಳ, ನೆಡುವುದು ಯಾವ ಮಳೆಗೆ, ಆ ಜಾಗದಲ್ಲಿ ಈಗಾಗಲೇ ಏನು ಬದುಕಿದೆ. ಇಷ್ಟೇ. ಉಳಿದದ್ದು ಕಾವಲು.

ಮೊದಲು ಮಳೆ. ವರ್ಷದ ಸರಾಸರಿ ಇಷ್ಟು ಮಿಲಿಮೀಟರ್ ಎನ್ನುವ ಅಂಕಿ ನಮ್ಮ ಕೆಲಸಕ್ಕೆ ಅಷ್ಟಾಗಿ ಬರುವುದಿಲ್ಲ. 2022ರಲ್ಲಿ ನಮ್ಮ ಕಡೆ ಕೆರೆಗಳು ಕೋಡಿ ಬಿದ್ದವು. ಮರುವರ್ಷವೇ ಜೂನ್ ಒಣಗಿತು, ಜುಲೈನಲ್ಲಿ ಸುರಿಯಿತು, ಆಮೇಲೆ ಬಂದ ಆಗಸ್ಟ್ ದೇಶಕ್ಕೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಎಂದು ಸರ್ಕಾರ ಘೋಷಿಸಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ನರ್ಸರಿಯಲ್ಲಿ ಅರ್ಧ ಸಸಿಗಳು ಇನ್ನೂ ಗೇಣುದ್ದ ಇದ್ದವು. ಇವನ್ನೆಲ್ಲ ಕೂಡಿಸಿ ಭಾಗಿಸಿದರೆ ಒಂದು ಒಳ್ಳೆಯ ವರ್ಷ ಸಿಗುತ್ತದೆ. ಆ ವರ್ಷ ಮಾತ್ರ ಯಾವತ್ತೂ ಬರಲಿಲ್ಲ.

ಜುಲೈ ಮೊದಲ ವಾರ ಗಿಡ ನೆಡಬೇಕು ಎನ್ನುವುದು ವನಮಹೋತ್ಸವದಿಂದ ಬಂದ ರೂಢಿ. 1950ರಲ್ಲಿ ಆಗಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿ ಶುರು ಮಾಡಿದ್ದು. ದೇಶಕ್ಕೆಲ್ಲ ಒಂದು ದಿನಾಂಕ ಬೇಕಿತ್ತು, ಅದು ಸರಿಯೇ. ಆದರೆ ನಮ್ಮ ಬಯಲುಸೀಮೆಯಲ್ಲಿ ಜೂನ್-ಜುಲೈ ಎಂದರೆ ಮಳೆಗಿಂತ ಗಾಳಿ ಜಾಸ್ತಿ. ಆರಿದ್ರ, ಪುನರ್ವಸು ಹನಿಸಿ ಹೋಗುತ್ತವೆ. ನೆಲದೊಳಗೆ ಇಳಿಯುವಂಥ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆಗೆ. ಜುಲೈನಲ್ಲಿ ನೆಟ್ಟ ಸಸಿ ಆಗಸ್ಟ್ ದಾಟಿದರೆ ಅದೃಷ್ಟ. ಸೆಪ್ಟೆಂಬರ್‌ನಲ್ಲಿ ನೆಟ್ಟದ್ದಕ್ಕೆ ಬೇರೆ ತೊಂದರೆ: ಬೇಸಿಗೆಯೊಳಗೆ ಬೇರು ಇಳಿಸಲು ಸಮಯ ಕಮ್ಮಿ, ಹಿಂಗಾರು ಕೈಕೊಟ್ಟರೆ ಪೂರ್ತಿ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಮಳೆಗೆ ನೆಡುವುದಿಲ್ಲ. ಒಂದು ಪಾಲು ಮುಂಗಾರಿಗೆ, ಒಂದು ಪಾಲು ಸೆಪ್ಟೆಂಬರ್‌ಗೆ, ಸ್ವಲ್ಪ ಮುಂದಿನ ವರ್ಷಕ್ಕೆಂದು ನರ್ಸರಿಯಲ್ಲೇ ಉಳಿಸುತ್ತೇವೆ. ಲೆಕ್ಕಪತ್ರ ನೋಡುವವರಿಗೆ ಈ ಮೂರನೇ ಪಾಲು ಅರ್ಥವೇ ಆಗುವುದಿಲ್ಲ. "ಸಸಿ ಇದೆ, ದುಡ್ಡಿದೆ, ಇನ್ನೂ ಯಾಕೆ ನೆಟ್ಟಿಲ್ಲ?" ಎಂದು ಮಾರ್ಚ್‌ನಲ್ಲಿ ಫೋನ್ ಬರುತ್ತದೆ. ಮಾರ್ಚ್‌ನಲ್ಲಿ!

ಈ ಅವಸರ ಎಲ್ಲಿಂದ ಬರುತ್ತದೆ ಎನ್ನುವುದೂ ಗೊತ್ತು. 2021ರಿಂದ 2030ರವರೆಗಿನ ದಶಕವನ್ನು ವಿಶ್ವಸಂಸ್ಥೆ ಪರಿಸರ ವ್ಯವಸ್ಥೆಗಳ ಪುನಶ್ಚೇತನಕ್ಕೆ ಮೀಸಲಿಟ್ಟಿದೆ. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳಾದ ಭೂಮಿಯನ್ನು ಸರಿಪಡಿಸುತ್ತೇವೆ ಎಂದು ಭಾರತ 2019ರಲ್ಲಿ ಹೇಳಿದೆ. ದೊಡ್ಡ ಗುರಿ ಬಂದ ಕೂಡಲೇ ಕೆಳಗೆ ನಮ್ಮಂಥವರ ಹತ್ತಿರ ಕೇಳುವುದು ಒಂದೇ: ಎಷ್ಟು ಗಿಡ ನೆಟ್ಟಿರಿ? ನಾನು ಕೊಡಲು ಇಷ್ಟಪಡುವ ಅಂಕಿ ಮೂರನೇ ಬೇಸಿಗೆ ಕಳೆದ ಮೇಲೆ ಎಷ್ಟು ಉಳಿದಿವೆ ಎನ್ನುವುದು. ಆದರೆ ಯೋಜನೆ ಅಷ್ಟರಲ್ಲಿ ಮುಗಿದಿರುತ್ತದೆ, ಅಲ್ವಾ.

ಬೀಜದ ವಿಷಯ ಹೇಳಬೇಕೆಂದರೆ ಜಾಲಾರಿಯಿಂದ ಶುರು ಮಾಡಬೇಕು. ದೇವರಾಯನದುರ್ಗದ ಕಾಡು ನೋಡಿದವರಿಗೆ ಈ ಮರ ಗೊತ್ತು. ಬೇಸಿಗೆಯಲ್ಲಿ ಬೆಟ್ಟವೆಲ್ಲ ಇದರ ಹೂವಿನ ಪರಿಮಳ. ಮೇ ಕೊನೆ, ಜೂನ್ ಶುರುವಿನಲ್ಲಿ ಕಾಯಿ ಉದುರುತ್ತದೆ. ಪ್ರತಿ ಕಾಯಿಗೂ ಮೂರು ಉದ್ದ ರೆಕ್ಕೆ, ಎರಡು ಗಿಡ್ಡ ರೆಕ್ಕೆ. ಗಾಳಿಗೆ ತಿರುಗುತ್ತಾ ಬಂದು ಬೀಳುತ್ತದೆ. ಇದರ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಇಡಲಾಗುವುದಿಲ್ಲ. ಒಣಗಿದರೆ ಸತ್ತಿತು. ಬಿದ್ದ ಕೆಲವೇ ದಿನಗಳಲ್ಲಿ ಒದ್ದೆ ನೆಲ ಸಿಗಬೇಕು. ಆ ಕೆಲವು ದಿನ ಮಳೆ ಬರಲಿಲ್ಲ ಎಂದರೆ ಆ ವರ್ಷದ ಫಸಲು ಇರುವೆಗೆ, ಇಲಿಗೆ.

ನಮ್ಮ ನರ್ಸರಿ ನೋಡಿಕೊಳ್ಳುವ ಅಕ್ಕ ಕಾಯಿ ಆರಿಸುವಾಗ ಒಂದೊಂದನ್ನೇ ಉಗುರಿನಲ್ಲಿ ಚುಚ್ಚಿ ನೋಡುತ್ತಾರೆ. ಒಳಗೆ ಹಸಿರಾಗಿ ಗಟ್ಟಿ ಇದ್ದರೆ ಮಂಕರಿಗೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಬಿಸಾಕುತ್ತಾರೆ. ಒಂದು ಸಲ ಹೊಸ ಹುಡುಗ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದ. "ಲೋ ಮಗಾ, ಅದ್ರಾಗೆ ಕಟ್ಟಿಟ್ರೆ ಬೆವತು ಸಾಯ್ತವೆ. ಗೋಣಿಚೀಲ ತಗಾ, ನೀರು ಚಿಮುಕ್ಸು" ಎಂದರು. ಬೀಜ ಸಂಗ್ರಹದ ತರಬೇತಿಯಲ್ಲಿ ಇದನ್ನೇ ಒಂದು ಗಂಟೆ ಹೇಳುತ್ತಾರೆ.

ಜಾಲಾರಿಯಂಥ ಮರಕ್ಕೆ ಹವಾಮಾನದ ಏರುಪೇರು ಎಲ್ಲಿ ತಾಗುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ. ದೊಡ್ಡ ಮರಕ್ಕೆ ಒಂದು ಬರ ಏನೂ ಅಲ್ಲ. ಪೆಟ್ಟು ಬೀಳುವುದು ಬೀಜ ಉದುರುವುದಕ್ಕೂ ಮಳೆ ಬರುವುದಕ್ಕೂ ನಡುವಿನ ಅಂತರಕ್ಕೆ. ಅದು ನಾಲ್ಕಾರು ವರ್ಷ ಸತತ ತಪ್ಪಿದರೆ ಕಾಡು ಹಸಿರಾಗಿಯೇ ಕಾಣುತ್ತದೆ, ಕೆಳಗೆ ಮಾತ್ರ ಮರಿ ಇರುವುದಿಲ್ಲ. ನಾವು ಮಾಡುವುದು ಆ ಅಂತರ ತುಂಬುವ ಕೆಲಸ: ಅರ್ಧ ಬೀಜ ಅದೇ ದಿನ ಗುಡ್ಡದಲ್ಲಿ ಕಲ್ಲಿನ ಮರೆಗೆ, ಅರ್ಧ ನರ್ಸರಿಯ ಮಡಿಗೆ. (ಜೂನ್ ಬಂದರೆ ಬೀಜದುಂಡೆ ಎಸೆಯುವ ಕಾರ್ಯಕ್ರಮ ಎಲ್ಲ ಕಡೆ ನಡೆಯುತ್ತದೆ. ಮಕ್ಕಳಿಗೆ ಖುಷಿ, ಫೋಟೋನೂ ಚೆನ್ನಾಗಿ ಬರುತ್ತದೆ. ಆದರೆ ಜಾಲಾರಿ ಬೀಜವನ್ನು ಮಣ್ಣುಂಡೆ ಕಟ್ಟಿ ಬಿಸಿಲಲ್ಲಿ ಒಣಗಿಸಿ ಎಸೆದರೆ ಎಸೆದದ್ದು ಬರೀ ಮಣ್ಣು.)

ಇನ್ನು ತಾಯಿ ಮರ. ರಸ್ತೆ ಪಕ್ಕದಲ್ಲಿ ಕೈಗೆ ಸಿಗುವ ಒಂದು ಹೊಂಗೆಯಿಂದ ಎರಡು ಮೂಟೆ ಬೀಜ ತರುವುದು ಸುಲಭ. ಆದರೆ ಹಾಗೆ ಬೆಳೆದ ಸಸಿಗಳೆಲ್ಲ ಒಂದೇ ತಾಯಿಯ ಮಕ್ಕಳು. ಒಂದಕ್ಕೆ ತಾಳಲಾಗದ ಬಿಸಿಲು ಹೆಚ್ಚುಕಮ್ಮಿ ಎಲ್ಲಕ್ಕೂ ತಾಳಲಾಗದು. ಒಂದೊಂದು ಜಾತಿಗೂ ದೂರ ದೂರದ ಹತ್ತಿಪ್ಪತ್ತು ಮರಗಳಿಂದ ಸ್ವಲ್ಪ ಸ್ವಲ್ಪ ತಂದು ಬೆರೆಸಬೇಕು. ಅದರಲ್ಲೂ ಒಂದು ಪಾಲು ನಮಗಿಂತ ಒಣ ಸೀಮೆಯಿಂದ, ಪಾವಗಡ, ಚಿತ್ರದುರ್ಗದ ಕಡೆಯ ಗುಡ್ಡಗಳಿಂದ ಬಂದಿರಲಿ ಎಂದು ನೋಡುತ್ತೇವೆ. ಇಲ್ಲಿನ ಬೇಸಿಗೆ ನಾಳೆ ಅಲ್ಲಿನ ಹಾಗೆ ಆದರೆ ಆ ಬಿಸಿಲನ್ನು ಈಗಾಗಲೇ ಕಂಡ ತಳಿ ನಮ್ಮಲ್ಲೂ ಸ್ವಲ್ಪ ಇರಬೇಕು. ಹಾಗಂತ ಎಲ್ಲ ಬೀಜವನ್ನೂ ಅಲ್ಲಿಂದ ತರುವುದು ಹುಚ್ಚು. ಹೆಚ್ಚಿನ ಪಾಲು ಇಲ್ಲಿನದೇ.

ಬೀಜ ಆಯಿತು, ಇನ್ನು ಬೇರು. ಬೇರು ಎಷ್ಟು ಆಳ ಎನ್ನುವ ಮಾತಿಗೆ ಕಮರ ಒಳ್ಳೆಯ ಉದಾಹರಣೆ. ಎರಡೆರಡು ಎಲೆ ಜೋಡಿಸಿದಂತೆ ಇರುವ ಮರ. ಹಿಂದೆ ಇದರ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಬಂಡೆ ನೆಲದಲ್ಲೂ ಬದುಕುತ್ತದೆ, ಯಾಕೆಂದರೆ ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯುವುದಕ್ಕಿಂತ ಕೆಳಗೆ ಇಳಿಯುತ್ತದೆ. ಮೇಲೆ ನೋಡಿದರೆ ಬಡಕಲು ಕಡ್ಡಿ. ಮೇಲಧಿಕಾರಿಗಳು ಬಂದಾಗ ಕಮರದ ಸಾಲಿನ ಮುಂದೆ ನಿಂತು "ಇದು ಯಾಕೆ ಬೆಳೆದಿಲ್ಲ?" ಎಂದು ಕೇಳುವುದು ಮಾಮೂಲಿ.

ನರ್ಸರಿಯಲ್ಲೂ ಇದೇ ಕಥೆ. ನೋಡುವವರಿಗೆ ನಾಲ್ಕಡಿ ಎತ್ತರದ, ದಟ್ಟ ಹಸಿರು ಎಲೆಯ ಸಸಿ ಇಷ್ಟ. ಅಂಥದ್ದೊಂದರ ಪಾಲಿಥಿನ್ ಚೀಲ ಸೀಳಿ ತೋರಿಸಿದರೆ ಅರ್ಥವಾಗುತ್ತದೆ. ತಾಯಿಬೇರು ತಳ ಮುಟ್ಟಿ, ದಾರಿ ಸಿಗದೆ, ಸೊಳ್ಳೆಬತ್ತಿಯ ಹಾಗೆ ಸುತ್ತಿಕೊಂಡಿರುತ್ತದೆ. ಆ ಸುರುಳಿ ಗುಂಡಿಗೆ ಹೋದ ಮೇಲೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಎರಡು ವರ್ಷ ಚೆನ್ನಾಗಿದ್ದ ಗಿಡ ಮೂರನೇ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಒಣಗಿದರೆ ಕಿತ್ತು ನೋಡಿ, ಬಹಳ ಸಲ ಕಾರಣ ಅಲ್ಲೇ ಇರುತ್ತದೆ. ಉದ್ದ ಚೀಲ, ಆಗಾಗ ಜಾಗ ಬದಲಿಸುವುದು, ನೆಡುವಾಗ ಸುತ್ತಿದ ತುದಿ ಕತ್ತರಿಸುವುದು, ಇವು ಖರ್ಚಿಲ್ಲದ ಕೆಲಸಗಳು. ಇನ್ನೊಂದು: ನೆಡುವುದಕ್ಕೆ ಒಂದು ತಿಂಗಳ ಮುಂಚೆ ನೆರಳುಬಲೆ ತೆಗೆದು ನೀರು ಕಡಿಮೆ ಮಾಡುತ್ತಾ ಬರಬೇಕು. ದಿನಾ ಎರಡು ಹೊತ್ತು ನೀರು ಕುಡಿದ ಸಸಿಗೆ ಕಲ್ಲುಗುಡ್ಡದ ಬಿಸಿಲು ಒಂದು ವಾರದ ಮಾತು.

ಟ್ಯಾಂಕರ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಮೊದಲ ಬೇಸಿಗೆಯಲ್ಲಿ ಒಂದೆರಡು ಸಲ ಬುಡಕ್ಕೆ ಬಿಂದಿಗೆ ನೀರು ಕೊಡುವುದಕ್ಕೆ ತಕರಾರಿಲ್ಲ. ಮೂರು ವರ್ಷ ಟ್ಯಾಂಕರ್ ಹೊಡೆದರೆ ಮಾತ್ರ ಉಳಿಯುವ ಗಿಡ ಅಲ್ಲಿಗೆ ಸಲ್ಲದ ಗಿಡ. ಮೇಲೆ ಮೇಲೆ ನೀರು ಸಿಕ್ಕರೆ ಬೇರೂ ಮೇಲೆಯೇ ಹರಡುತ್ತದೆ. ಟ್ಯಾಂಕರ್ ನಿಂತ ವರ್ಷ ಗಿಡವೂ ಹೋಗುತ್ತದೆ. ಅದೇ ದುಡ್ಡಲ್ಲಿ ಇಳಿಜಾರಿಗೆ ಅಡ್ಡ ಕಲ್ಲು ಸಾಲು ಹಾಕಿ, ಗುಂಡಿಯ ಕೆಳಬದಿಗೆ ಅರ್ಧಚಂದ್ರದ ಬದು ಕಟ್ಟಿ, ಬುಡಕ್ಕೆ ಒಣಹುಲ್ಲು ಮುಚ್ಚಿದರೆ ಒಂದು ಜೋರು ಮಳೆಯ ನೀರು ಅಲ್ಲೇ ಇಂಗುತ್ತದೆ. ಈಗ ಮಳೆ ಬಂದರೆ ಜೋರಾಗಿಯೇ ಬರುತ್ತದೆ, ಹರಿದು ಹೋಗುವುದೇ ಜಾಸ್ತಿ. ಆದರೆ ಜೆಸಿಬಿ ತಂದು ಉದ್ದುದ್ದ ಟ್ರೆಂಚ್ ಹೊಡೆಯುವುದು ಬೇಡ. ಗುಡ್ಡದ ಮೇಲೆ ಇರುವುದೇ ತೆಳು ಮಣ್ಣು, ಅದನ್ನು ಹಿಡಿದುಕೊಂಡಿರುವುದು ಹುಲ್ಲಿನ ಬೇರು.

ಎಲ್ಲಕ್ಕಿಂತ ಮುಖ್ಯವಾದದ್ದು, ಅರ್ಜಿಯಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು, ಮೋಟುಗಳು. ಬೋಳಾಗಿ ಕಾಣುವ ಗೋಮಾಳದಲ್ಲಿ ನಿಧಾನವಾಗಿ ನಡೆದು ನೋಡಿ. ಮೊಣಕಾಲೆತ್ತರದ ಪೊದೆಗಳು ಸಿಗುತ್ತವೆ. ಪೊದೆ ಅಂದುಕೊಂಡದ್ದನ್ನು ಬಗ್ಗಿ ಬುಡ ಕೆದಕಿದರೆ ತೊಡೆಗಾತ್ರದ ಬೊಡ್ಡೆ. ಅದು ದಿಂಡಿಗ, ಅಥವಾ ಮುತ್ತುಗ, ಅಥವಾ ಕಕ್ಕೆ. ಹಿಂದೆ ಯಾವಾಗಲೋ ಕಡಿದದ್ದು. ಪ್ರತಿ ಮಳೆಗೂ ಚಿಗುರುತ್ತದೆ, ಮೇಕೆ ಮೇಯುತ್ತದೆ, ಬೆಂಕಿ ಸುಡುತ್ತದೆ, ಮತ್ತೆ ಚಿಗುರುತ್ತದೆ. 2023ರ ಬರ ಇದಕ್ಕೆ ಲೆಕ್ಕಕ್ಕೇ ಇಲ್ಲ. ಇದರ ಪಕ್ಕದಲ್ಲಿ ಗುಂಡಿ ತೋಡಿ ನರ್ಸರಿಯ ಎಂಟು ತಿಂಗಳ ಸಸಿ ನೆಡುವುದು, ಆ ಗುಂಡಿ ತೋಡುವಾಗ ಇದರ ಬೇರನ್ನೇ ಕಡಿಯುವುದು ದಿನಾ ನಡೆಯುತ್ತಿದೆ.

ಹೊಸ ಜಾಗಕ್ಕೆ ಹೋದಾಗ ನಾವು ಮೊದಲು ಮಾಡುವ ಕೆಲಸ ಮೋಟು ಎಣಿಸಿ ಸುಣ್ಣ ಹಚ್ಚುವುದು. ಆಮೇಲೆ ಒಂದೊಂದು ಬುಡದಲ್ಲಿ ಗಟ್ಟಿಯಾದ ಎರಡು ಚಿಗುರು ಬಿಟ್ಟು ಉಳಿದದ್ದನ್ನು ಸವರುತ್ತೇವೆ. ಲಂಟಾನ ಕಳೆ ಇದ್ದರೆ ಬುಡಸಮೇತ ಕೀಳುತ್ತೇವೆ. ಮೋಟು ಇಲ್ಲದ ಕಡೆ ಮಾತ್ರ ಗುಂಡಿ. ಎಷ್ಟೋ ಕಡೆ ನೆಡುವ ಸಸಿಯ ಲೆಕ್ಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಗಿಡದ ಲೆಕ್ಕಕ್ಕೆ ದುಡ್ಡು ಕೊಡುವ ಯೋಜನೆಯಲ್ಲಿ ಇದರಿಂದ ನಮಗೇ ನಷ್ಟ! ಈಗ ನಾವು ಗಿಡಕ್ಕಿಷ್ಟು ಎಂದು ಒಪ್ಪಂದ ಮಾಡಿಕೊಳ್ಳುವುದಿಲ್ಲ. ಎಕರೆಗಿಷ್ಟು, ಐದು ವರ್ಷಕ್ಕೆ. ಅದರಲ್ಲಿ ಒಂದು ಪಾಲು ಬರದ ವರ್ಷದಲ್ಲಿ ಹೋದದ್ದನ್ನು ಮತ್ತೆ ನೆಡಲು ಎಂದು ಮೊದಲೇ ಎತ್ತಿಡಬೇಕು. ಕೆಲವರು ಒಪ್ಪುತ್ತಾರೆ. ಒಪ್ಪದವರ ಕೆಲಸ ಬಿಟ್ಟಿದ್ದೇವೆ.

ಇನ್ನು ಎಲ್ಲ ಬಯಲನ್ನೂ ಕಾಡು ಮಾಡಲು ಹೊರಡುವುದು ಬೇರೆಯೇ ತಲೆನೋವು. ಮೊದಲಿಂದಲೂ ಹುಲ್ಲುಗಾವಲೇ ಆಗಿದ್ದ ಜಾಗಕ್ಕೆ ಮರ ತುಂಬಿದರೆ ಅದು ಪುನಶ್ಚೇತನ ಅಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿಗೆ ನೀಲಗಿರಿ ತುಂಬಿದ್ದನ್ನು ನೋಡಿದರೆ ಸಾಕು. ಬರ ಬಂದಾಗ ಮೊದಲು ಚೇತರಿಸಿಕೊಳ್ಳುವುದು ಹುಲ್ಲು.

ಹುಲ್ಲಿನ ಜೊತೆಗೆ ಬೆಂಕಿಯೂ ಬರುತ್ತದೆ. ಒಳ್ಳೆ ಮಳೆಯಾದ ವರ್ಷ ಎಲ್ಲರೂ ಖುಷಿಯಾಗಿರುತ್ತಾರೆ, ನನಗೆ ಭಯ. ಸೊಂಟದೆತ್ತರ ಬೆಳೆದ ಹುಲ್ಲು ಶಿವರಾತ್ರಿ ಹೊತ್ತಿಗೆ ಒಣಗಿ ನಿಂತಿರುತ್ತದೆ. ಒಂದು ಬೀಡಿ ಸಾಕು. ಬೇಸಿಗೆ ಬಿಸಿಯಾದಷ್ಟೂ ಈ ಅಪಾಯ ಜಾಸ್ತಿ. ಬೇಲಿ ಹಾಕಿ, ಬೋರ್ಡ್ ನೆಟ್ಟು, ವಾಚರ್ ಇಟ್ಟ ಕಡೆ ಬೆಂಕಿ ನಿಲ್ಲಲಿಲ್ಲ. ಊರಿನವರಿಗೆ ಹುಲ್ಲು ಕೊಯ್ಯಲು ಬಿಟ್ಟ ಕಡೆ ಬಹಳ ಕಮ್ಮಿಯಾಯಿತು. ಮೇಕೆ ಒಳಗೆ ಬಿಡುವಂತಿಲ್ಲ, ಕುಡುಗೋಲು ತಂದು ಹೊರೆ ಕಟ್ಟಿಕೊಂಡು ಹೋಗಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸುಣ್ಣ ಹಚ್ಚಿದ ಮೋಟು ಮುಟ್ಟುವಂತಿಲ್ಲ. ಮೊದಲ ವರ್ಷ ಕುರಿ ಸಾಕುವ ಒಬ್ಬ ಯಜಮಾನರು ಕೇಳಿದರು, "ಹುಲ್ಲು ನಮ್ದು ಅಂತೀರ, ನಾಳೆ ಗಿಡ ದೊಡ್ಡದಾದ್ಮೇಲೆ ನಮ್ಮುನ್ನೇ ಆಚೆಗಾಕ್ತೀರ, ಏನವ್ವ?" ಅದಕ್ಕೆ ಬಾಯಿಮಾತು ಸಾಲುವುದಿಲ್ಲ. ಗುಡ್ಡದ ಯಾವ ಭಾಗ ಯಾವ ವರ್ಷ ಮೇವಿಗೆ ತೆರೆಯುತ್ತದೆ ಎಂದು ಪಂಚಾಯಿತಿಯ ನಡಾವಳಿಯಲ್ಲಿ ಬರೆಸಿದೆವು.

ಹುಲ್ಲು ಕೊಯ್ಲು ಸಾಮಾನ್ಯವಾಗಿ ಡಿಸೆಂಬರ್‌ನಲ್ಲೇ ಮುಗಿಯುತ್ತದೆ. ಹಿಂಗಾರು ಎಳೆದು ರಾಗಿ ಕೊಯ್ಲು ತಡವಾದ ವರ್ಷ ಊರಿನವರು ಗುಡ್ಡಕ್ಕೆ ಬರುವುದು ಸಂಕ್ರಾಂತಿ ಆದ ಮೇಲೆ. ಅಂಥ ವರ್ಷ ಅವರಿಗೆ ಕಾಯದೆ ಬೆಂಕಿ ರೇಖೆಯನ್ನು (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ನಾವೇ ಮೊದಲು ಸವರಿಸಿ ಮುಗಿಸುತ್ತೇವೆ, ಕೂಲಿ ಸ್ವಲ್ಪ ಜಾಸ್ತಿ ಹೋದರೂ.