ಒಡೆದ ಸಂಸ್ಥಾನ, ಕೂಡಿದ ನಗರ

ಮಹಾರಾಷ್ಟ್ರದ ಮಿರಜದಲ್ಲಿರುವ ನಮ್ಮ ಮನೆಯಿಂದ ಸಾಂಗಲಿಯ ಅರಿಶಿನ ಪೇಟೆಗೆ ಹೋಗುವಾಗ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂಬುದು ಈಗ ತಿಳಿಯುವುದೇ ಇಲ್ಲ. ಸಾಂಗಲಿ, ಮಿರಜ, ಕುಪವಾಡಗಳನ್ನು ಕೂಡಿಸಿ 1998ರಲ್ಲಿ ಒಂದೇ ಮಹಾನಗರಪಾಲಿಕೆಯನ್ನಾಗಿ ಮಾಡಲಾಯಿತು.

ಆದರೆ ಸಾಂಗಲಿ ಮತ್ತು ಮಿರಜಗಳ ನಂಟು ಹಳೆಯದು. ಪಟವರ್ಧನ ಮನೆತನದ ಚಿಂತಾಮಣರಾಯರು ಚಿಕ್ಕಪ್ಪನೊಡನೆ ಮನಸ್ತಾಪವಾಗಿ, 1801ರ ಸುಮಾರಿಗೆ ಮಿರಜ ಸಂಸ್ಥಾನದಿಂದ ಪಾಲು ಪಡೆದು, ಕೃಷ್ಣೆಯ ದಂಡೆಯ ಸಾಂಗಲಿಯನ್ನು ರಾಜಧಾನಿಯಾಗಿ ಬೆಳೆಸಿದರು. ಎರಡೂ ಕಡೆಯ ಅರಸೊತ್ತಿಗೆಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಕುಪವಾಡದ ಬೆಳವಣಿಗೆಯಾದರೋ ಬಹುಮಟ್ಟಿಗೆ ಕೈಗಾರಿಕಾ ವಸಾಹತಿನದು.

ಪಾಲಿಕೆ ಒಂದಾದರೂ ಮಿರಜದ ಗುಣ ಬೇರೆಯೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದವರು ಇಲ್ಲಿ ಸಿತಾರ್, ತಂಬೂರಿಗಳ ತಯಾರಿಗೆ ತಿರುಗಿದರು. ಅವರ ಓಣಿಯಲ್ಲಿ ಒಣಗಿದ ದೊಡ್ಡ ಸೋರೆಬುರುಡೆಗಳು ಇಂದಿಗೂ ಸಾಲಾಗಿ ತೂಗುತ್ತವೆ, ಬೆರಳಿನಿಂದ ತಟ್ಟಿದರೆ ಆಳವಾದ ದನಿ ಹೊರಡುತ್ತದೆ. 1937ರಲ್ಲಿ ತೀರಿಕೊಂಡ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ನೆನಪಿಗೆ ಮೀರಾಸಾಹೇಬರ ದರ್ಗಾದಲ್ಲಿ ಸಂಗೀತ ನಡೆಯುವಾಗ, ಗಡಿಯಾಚೆಯಿಂದ ಬಂದವರ ಕನ್ನಡವೂ ನಮ್ಮ ಮನೆಗಳ ಕನ್ನಡವೂ ಅಂಗಳದಲ್ಲಿ ಮರಾಠಿಯೊಡನೆ ಬೆರೆತು ಕೇಳುತ್ತವೆ.